ನಡುವೆ ಬಂದವನು

ಮೊದಲ ಏಟು ಬಿದ್ದದ್ದು ಮುನಿರಾಜುವಿನ ಹೆಲ್ಮೆಟ್ಟಿನ ಮೇಲೆ. ಹಿಂದೆ ಕೂತಿದ್ದ ಸಿಂಚನಾಳಿಗೆ ತೆಂಗಿನಕಾಯಿ ಒಡೆದಂಥ ಸದ್ದಷ್ಟೇ ಕೇಳಿಸಿತು. ಏನಾಯಿತೆಂದು ತಿಳಿಯುವಷ್ಟರಲ್ಲಿ ಬೈಕು ಎಡಕ್ಕೆ ವಾಲಿ, ಅವಳು ಮಾಗಡಿ ರಸ್ತೆಯ ಬದಿಯ ಜಲ್ಲಿಯ ಮೇಲೆ ಮಂಡಿಯೂರಿ ಬಿದ್ದಿದ್ದಳು. ಮುಂದೆ ಮೂರು ಆಟೋಗಳು ಅಡ್ಡ ನಿಂತಿದ್ದವು. ಇಳಿದು ಬಂದವರಲ್ಲಿ ಒಬ್ಬನ ಕೈಯಲ್ಲಿ ಕಬ್ಬಿಣದ ರಾಡಿತ್ತು.

"ಪಾರ್ಸೆಲ್ ಅಂತೆ ಕಣ್ರೋ. ಚೂಡಿದಾರ ಹಾಕ್ಕೊಂಡಿರೋ ಪಾರ್ಸೆಲ್ಲು" ಎಂದ ಅವನು, ಮುನಿರಾಜುವಿನ ಕಾಲರಿಗೆ ಕೈ ಹಾಕಿ.

ಬೈಕ್ ಟ್ಯಾಕ್ಸಿ ಓಡಬಾರದೆಂದು ಕೋರ್ಟಿನ ಆದೇಶವಾದ ಮೇಲೆ, ಆ್ಯಪಿನಲ್ಲಿ ಪಾರ್ಸೆಲ್ ಎಂದು ಬುಕ್ ಮಾಡಿ ಮನುಷ್ಯರೇ ಹತ್ತಿ ಹೋಗುವುದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ಸಿಂಚನಾಳಿಗೆ ಅದು ಬರೀ ಅನುಕೂಲವಲ್ಲ, ಹಟವೂ ಆಗಿತ್ತು. ವಿಜಯನಗರದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಅವಳು ‘ನಡುವೆ ಬರಬೇಡಿ’ ಎಂಬ ಫೇಸ್‌ಬುಕ್ ಪುಟದಲ್ಲಿ ಬರೆಯುತ್ತಿದ್ದಳು. ಹತ್ತುವವಳು ಒಪ್ಪಿದ್ದಾಳೆ, ಹತ್ತಿಸಿಕೊಳ್ಳುವವನು ಒಪ್ಪಿದ್ದಾನೆ, ಸರ್ಕಾರಕ್ಕೇನು ಕೆಲಸ ಎಂದು ಹಿಂದಿನ ವಾರ ಬರೆದದ್ದನ್ನು ಬಹಳ ಜನ ಹಂಚಿಕೊಂಡಿದ್ದರು. ಅಂಗಡಿಯ ಬೋರ್ಡು ಯಾವ ಭಾಷೆಯಲ್ಲಿರಬೇಕು, ಹೋಟೆಲು ಯಾವಾಗ ಬಾಗಿಲು ಹಾಕಬೇಕು, ಯಾರು ಏನು ತಿನ್ನಬೇಕು, ಎಲ್ಲಕ್ಕೂ ಅವಳದು ಒಂದೇ ಉತ್ತರ: ಇನ್ನೊಬ್ಬರ ಮೈ ಮುಟ್ಟದಿರುವ ತನಕ ಅವರವರ ಪಾಡಿಗೆ ಅವರವರನ್ನು ಬಿಡಿ, ಮೊದಲು ಕೈ ಎತ್ತಿದವನೇ ತಪ್ಪಿತಸ್ಥ. ಅದೇ ಮಾತು ಒಪ್ಪುವ ಹತ್ತಾರು ಜನ ಈ ಭಾನುವಾರ ಮೊದಲ ಸಲ ಮುಖಾಮುಖಿ ಸೇರುವವರಿದ್ದರು, ಶ್ರೀಗಂಧದ ಕಾವಲಿನ ನಾಣಿಯವರ ಮನೆಯಲ್ಲಿ. ಅಲ್ಲಿಗೇ ಹೊರಟಿದ್ದಳು.

ಮುನಿರಾಜು ಏಳಲು ನೋಡಿದ. ಹೊಟ್ಟೆಗೆ ಒದ್ದರು. ಲಗ್ಗೆರೆಯ ಹುಡುಗ, ಪೀಣ್ಯದಲ್ಲಿ ಕೆಲಸ ಹೋದ ಮೇಲೆ ಬೈಕಿಗೆ ಇಳಿದೆ ಎಂದು ದಾರಿಯಲ್ಲಿ ಹೇಳಿದ್ದ. ಈಗ ಮೊಣಕೈಯಿಂದ ಮುಖ ಮುಚ್ಚಿಕೊಂಡು, "ಬಿಡಣ್ಣ, ಇನ್ಮೇಲೆ ಓಡ್ಸಲ್ಲ, ಬಿಡಣ್ಣ" ಎನ್ನುತ್ತಿದ್ದ.

"ನಿನ್ನೆ ಒಬ್ಬ ಇದೇ ಹೇಳ್ದ. ನಮ್ ಪರ್ಮಿಟ್ಟು, ಇನ್ಶೂರೆನ್ಸು, ಎಫ್‌ಸಿ ಎಲ್ಲಾ ಯಾರು ಕಟ್ಟೋದು, ನಿಮ್ಮಪ್ಪನಾ?" ಪ್ರತಿ ಮಾತಿಗೂ ಒಂದು ಒದೆ.

ಸಿಂಚನಾ ಹೆಲ್ಮೆಟ್ ಬಿಚ್ಚಿ ಎದ್ದಳು. "ಬಿಡ್ರಿ ಅವ್ರನ್ನ. ಹತ್ತಿದ್ದು ನಾನು. ನನ್ನಿಷ್ಟ ಅದು."

"ಮೇಡಂ, ಸೈಡಿಗೆ ಹೋಗಿ. ಲೇಡೀಸ್‌ಗೆ ನಾವೇನೂ ಮಾಡಲ್ಲ" ಎಂದು ಅವನು ಅವಳತ್ತ ನೋಡದೆಯೇ ಹೇಳಿದ. ಆ ನೋಡದಿರುವಿಕೆಯೇ ಅವಳ ಮೈಗೆ ಬೆಂಕಿ ಹಚ್ಚಿತು. ಒಂದು ಕೈಯಲ್ಲಿ ಹೆಲ್ಮೆಟ್ಟಿನ ಪಟ್ಟಿ, ಇನ್ನೊಂದರಲ್ಲಿ ಫೋನು ಹಿಡಿದು, ಎಲ್ಲರ ಮುಖವೂ ಬರಲೆಂದು ಹಿಂದೆ ಹಿಂದೆ ಸರಿದಳು. ಹಾರನ್ನುಗಳು, ಬೈಗುಳಗಳು, ನೋಡಲು ನಿಂತವರ ಗದ್ದಲ; ಯಾವುದೂ ಬಿಡಿಯಾಗಿ ಕೇಳುತ್ತಿರಲಿಲ್ಲ.

ಆಗ ಪಕ್ಕದಿಂದ ಒಂದು ಕೈ ಅವಳ ರಟ್ಟೆಯನ್ನು ಹಿಡಿದು ಜೋರಾಗಿ ಎಳೆಯಿತು. ಖಾಕಿ ತೋಳು, ಬೀಡಿಯ ವಾಸನೆ. ಫೋನು ಹಾರಿ ಬಿತ್ತು. ಅವಳು ತಿರುಗಿದ ಭರದಲ್ಲೇ ಹೆಲ್ಮೆಟ್ ಬೀಸಿದಳು. ಅದು ಕೆನ್ನೆಯ ಎಲುಬಿಗೆ ತಾಗಿದ್ದು ಅವಳ ಭುಜದವರೆಗೆ ತಿಳಿಯಿತು. ಹಿಡಿದ ಕೈ ಬಿಟ್ಟಿತು. ನರೆತ ಮೀಸೆಯ ಮನುಷ್ಯ, ಏನೋ ಹೇಳಲು ಬಾಯಿ ತೆರೆದಿದ್ದ. ಅವಳು ಇನ್ನೊಮ್ಮೆ ಬೀಸಿದಳು. ಅವನು ಚಕ್ಕಳಮಕ್ಕಳ ಹಾಕುವವನಂತೆ ಮೆಲ್ಲಗೆ ಕೂತು, ಪಕ್ಕಕ್ಕೆ ಒರಗಿ, ಚರಂಡಿಯ ಚಪ್ಪಡಿಗೆ ತಲೆ ಬಡಿದುಕೊಂಡ. ಮೂಗಿನಿಂದ ರಕ್ತ ಸುರಿಯಿತು. ಅವಳಿಗೆ ಒಂದು ಗಳಿಗೆ ಹಾಯೆನಿಸಿತು. ಎದೆಯಲ್ಲಿ ಕಟ್ಟಿಕೊಂಡಿದ್ದ ಉಸಿರು ಸಲೀಸಾಗಿ ಹೊರಗೆ ಬಂತು.

"ಉಗ್ರಪ್ಪಣ್ಣನಿಗೆ ಹೊಡೆದ್ಲು ಕಣ್ರೋ" ಎಂದು ಆಟೋದವರಲ್ಲೊಬ್ಬ ಕೂಗಿದ.

ಒದೆಯುತ್ತಿದ್ದವರು ತಿರುಗಿದರು. ರಕ್ತ ಮೆತ್ತಿದ ಹೆಲ್ಮೆಟ್ ಹಿಡಿದು ನಿಂತ ಹೆಂಗಸನ್ನು ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಸುತ್ತ ಫೋನುಗಳು ಎದ್ದಿದ್ದವು. ರಾಡಿನವನು ಅವಳ ಮುಖವನ್ನು ನೋಡಿದ, ಕೆಳಗೆ ಬಿದ್ದ ಉಗ್ರಪ್ಪನನ್ನು ನೋಡಿದ, ಆಮೇಲೆ ಮುನಿರಾಜುವಿನ ಬಲಗೈಯನ್ನು ನೆಲಕ್ಕೆ ತುಳಿದು ಹಿಡಿದು ರಾಡು ಎತ್ತಿದ. ಮಣಿಕಟ್ಟು ಮುರಿದ ಸದ್ದು ಹಸಿ ಕೊಂಬೆ ಮುರಿದಂತಿತ್ತು. ಇನ್ನೊಮ್ಮೆ ಹೊಡೆದ. ಉಳಿದವರು ಬೈಕಿನ ಹೆಡ್‌ಲೈಟು, ಟ್ಯಾಂಕು ಚಚ್ಚಿದರು. ಪೊಲೀಸರ ಹೊಯ್ಸಳ ಜೀಪಿನ ಸೈರನ್ ಕೇಳಿದ ಮೇಲೆ ಉಗ್ರಪ್ಪನನ್ನು ಎತ್ತಿ ಆಟೋದೊಳಗೆ ಮಲಗಿಸಿಕೊಂಡು ಹೊರಟುಹೋದರು.

ಹತ್ತಿರದ ನರ್ಸಿಂಗ್ ಹೋಮಿನ ಬೆಂಚಿನ ಮೇಲೆ ಮುನಿರಾಜು ಕೈಯನ್ನು ಅವಳ ದುಪಟ್ಟಾದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವಳತ್ತ ತಿರುಗಿ ಕೇಳಿದ.

"ಮೇಡಂ, ಆ ಅಣ್ಣನಿಗೆ ಯಾಕೆ ಹೊಡೆದ್ರಿ?"

"ನನ್ನ ಕೈ ಹಿಡಿದು ಎಳೆದ."

"ಬಸ್ ಬರ್ತಿತ್ತು ಮೇಡಂ. ನೀವು ಹಿಂದ್ ಹಿಂದಕ್ಕೆ ರೋಡಿಗೇ ಇಳೀತಿದ್ರಿ. ಎಳ್ಕೊಳ್ದೆ ಇದ್ದಿದ್ರೆ ಅದರ ಕೆಳಗೇ ಹೋಗ್ತಿದ್ರಿ." ಅವನು ದುಪಟ್ಟಾದ ಸುತ್ತು ಸರಿಮಾಡಿಕೊಂಡ. "ಅವ್ರು ಬಂದಿದ್ದೇ ಬಿಡ್ಸಕ್ಕೆ. ಸಾಕು ಬಿಡ್ರೋ, ಅವನೂ ಹೊಟ್ಟೆಪಾಡಿಗೇ ಬಂದಿರೋದು ಅಂತ ಕೂಗ್ತಾ ಬಂದ್ರು. ಹಿರಿಯರ ಮಾತು ಕೇಳ್ತಿದ್ರೇನೋ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವನ ಅಕ್ಕ ಬಂದು ಅವನ ಬೆನ್ನಿಗೆ ಕೈ ಕೊಟ್ಟು ಒಳಗೆ ಕರೆದುಕೊಂಡು ಹೋದಳು. ಸಿಂಚನಾಳ ಕಡೆ ತಿರುಗಿಯೂ ನೋಡಲಿಲ್ಲ.

ಒಬ್ಬಳೇ ಮನೆಗೆ ಹೋಗುವ ಧೈರ್ಯವಾಗದೆ ಅವಳು ನಾಣಿಯವರ ಮನೆಗೇ ಹೋದಳು. ನಡುಮನೆಯಲ್ಲಿ ಕೂತಿದ್ದವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ವಿಡಿಯೋ ಅವಳಿಗಿಂತ ಮೊದಲೇ ಬಂದಿತ್ತು. ನಾಣಿ ವಿಮಾ ಕಚೇರಿಯಿಂದ ನಿವೃತ್ತರಾದ ಸಣಕಲು ಮುದುಕ. ಸರ್ಕಾರದ ಲೈಸೆನ್ಸಿನ ಕಾಲದಲ್ಲಿ ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾದದ್ದನ್ನು, ಅಂದಿನಿಂದ ಸರ್ಕಾರವೆಂದರೆ ಮೈಯುರಿಯುವುದನ್ನು ಪುಟದಲ್ಲಿ ತಮಾಷೆಯಾಗಿ ಬರೆಯುತ್ತಿದ್ದರು. ಇರುವೆಯನ್ನೂ ಊದಿ ಸರಿಸುವ ಜೀವವೆಂದು ಸಿಂಚನಾ ಭಾವಿಸಿದ್ದಳು.

"ಬಾಮ್ಮ, ಕೂತ್ಕೋ. ಮೊದಲು ಕಾಫಿ ಕುಡಿ" ಎಂದವರು, ಟಿವಿಯ ಕಡೆ ತಿರುಗಿ, "ಆತ್ರೇಯ, ಇನ್ನೊಂದ್ಸಲ ಹಾಕಪ್ಪ" ಎಂದರು.

ಪುಟವನ್ನು ನಡೆಸುತ್ತಿದ್ದ ಆತ್ರೇಯ ಲ್ಯಾಪ್‌ಟಾಪಿನ ಗುಂಡಿ ಒತ್ತಿದ. ಪರದೆಯ ಮೇಲೆ ಖಾಕಿ ತೋಳು ಅವಳ ರಟ್ಟೆ ಹಿಡಿಯಿತು, ಹೆಲ್ಮೆಟ್ ಬೀಸಿತು. ಬಸ್ಸು ಇರಲಿಲ್ಲ.

"ಎರಡನೇದು ನೋಡಿ" ಎಂದರು ನಾಣಿ, ಕುರ್ಚಿಯ ಅಂಚಿಗೆ ಬಂದು. ಅವರ ಕಣ್ಣು ಹೊಳೆಯುತ್ತಿತ್ತು. "ಹೇಗೆ ಕೂತ ನೋಡಿ, ಮೂಟೆ ಹಾಗೆ. ಇನ್ನೊಂದ್ ಸ್ವಲ್ಪ ಮೇಲೆ ಬಿದ್ದಿದ್ರೆ ಕಣ್ಣೇ ಹೋಗೋದು." ನಾಲ್ಕೈದು ಜನ ನಕ್ಕರು. ಅವರು ಗಾಳಿಯಲ್ಲಿ ಕೈ ಬೀಸಿ ತೋರಿಸಿದರು. "ಹೀಗೆ ಹಿಡಿದಿದ್ಯೇನಮ್ಮ, ಪಟ್ಟೀಲಿ?"

"ಅವರು ನನ್ನನ್ನ ಬಸ್ಸಿಗೆ ಸಿಗದ ಹಾಗೆ ಎಳೆದ್ರು" ಎಂದಳು ಸಿಂಚನಾ. "ಜಗಳ ಬಿಡಿಸೋಕೆ ಬಂದಿದ್ರು. ಈ ವಿಡಿಯೋದಲ್ಲಿ ಅದು ಯಾಕಿಲ್ಲ?"

ಆತ್ರೇಯ ಕನ್ನಡಕ ಸರಿಮಾಡಿಕೊಂಡ. "ಅದಕ್ಕೆ ಮುಂಚಿನದನ್ನ ಕಟ್ ಮಾಡಿದೀನಿ. ಅದಿದ್ರೆ ವಿಷಯ ದಿಕ್ಕು ತಪ್ಪುತ್ತೆ. ಅವನ ಮನಸ್ಸಲ್ಲಿ ಏನಿತ್ತು ಅಂತ ನಿಮಗೆ ಹೇಗೆ ಗೊತ್ತಾಗ್ಬೇಕು? ನಿಮ್ಮ ಒಪ್ಪಿಗೆ ಇಲ್ದೆ ನಿಮ್ಮ ಮೈ ಮುಟ್ಟಿದ. ನೀವು ತಡೆದ್ರಿ. ನಾವು ಹೇಳ್ತಾ ಬಂದಿರೋದೇ ಇದನ್ನ."

"ಎರಡನೇ ಸಲ ಹೊಡೆಯೋವಾಗ ಅವರು ಕೈ ಬಿಟ್ಟಿದ್ರು."

ಟಿವಿಯಲ್ಲಿ ಉಗ್ರಪ್ಪ ಮತ್ತೆ ಮತ್ತೆ ಕೂರುತ್ತಿದ್ದ. ಅವಳು ಬಗ್ಗಿ ಲ್ಯಾಪ್‌ಟಾಪಿನ ವೈರ್ ಕೀಳಲು ಕೈ ಹಾಕಿದಳು. ಆತ್ರೇಯ ಅವಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದ. "ಲ್ಯಾಪ್‌ಟಾಪ್ ನಂದು ರೀ" ಎಂದ. ಅವಳು ಅವನ ಬೆರಳುಗಳನ್ನು ನೋಡಿದಳು. ಅವನೂ ನೋಡಿ, ಕೈ ತೆಗೆದ.

"ಆ ಆಟೋದವನು ಹೇರೋಹಳ್ಳಿ ಕಡೆಯವನಂತೆ" ಎಂದು ನಾಣಿ ಸಮಾಧಾನ ಹೇಳಿದರು. "ಸುಂಕದಕಟ್ಟೆಯ ಆಸ್ಪತ್ರೇಲಿ ಮಲಗಿಸಿದಾರಂತೆ. ಕಂಪ್ಲೇಂಟ್ ಕೊಡ್ತಾರೆ. ಹೆದರ್ಬೇಡ, ನಮ್ಮಲ್ಲಿ ಲಾಯರ್ ಇದಾರೆ."

ಅವಳು ಚಪ್ಪಲಿ ಮೆಟ್ಟಿಕೊಂಡಳು.

ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಸಂಜೆಯ ಬಿಸಿಲು ಅಡ್ಡ ಬಿದ್ದಿತ್ತು. ಉಗ್ರಪ್ಪನ ಅರ್ಧ ಮುಖ ಬ್ಯಾಂಡೇಜಿನಲ್ಲಿತ್ತು. ಉಳಿದರ್ಧ ಊದಿ, ಕಣ್ಣು ಮುಚ್ಚಿತ್ತು. ಅವನ ಹೆಂಡತಿ ಗುರವ್ವ ಲೋಟದ ಎಳನೀರನ್ನು ಚಮಚದಲ್ಲಿ ಕುಡಿಸಲು ನೋಡುತ್ತಿದ್ದಳು. ಜೊತೆಗಾರರೆಲ್ಲ ಸ್ಟೇಷನ್ನಿಗೆ ಹೋಗಿದ್ದರು.

"ಯಾರವ್ವ ನೀನು?"

"ಬೆಳಿಗ್ಗೆ ಅಲ್ಲಿದ್ದೆ."

"ಅಂಗಾದ್ರೆ ನೀನೂ ನೋಡಿದೀಯ. ಯಾವಳೋ ಒಬ್ಳಂತೆ. ಈಯಪ್ಪ ಬಾಯೇ ಬಿಡ್ತಿಲ್ಲ." ಗುರವ್ವ ಸೆರಗಿನಿಂದ ಅವನ ಗಲ್ಲ ಒರೆಸಿದಳು. "ವಸಿ ತಲೆ ಎತ್ತಿ ಹಿಡ್ಕೊ. ನಂಗೊಬ್ಳಿಗೇ ಆಯ್ತಿಲ್ಲ."

ಸಿಂಚನಾ ದಿಂಬಿಗೂ ತಲೆಗೂ ನಡುವೆ ಅಂಗೈ ತೂರಿಸಿದಳು. ಕೂದಲು ಬೆವರಿನಿಂದ ಒದ್ದೆಯಾಗಿತ್ತು. ತಲೆ ಇಷ್ಟು ಭಾರವಿರುತ್ತದೆಂದು ಅವಳಿಗೆ ತಿಳಿದಿರಲಿಲ್ಲ.

"ಹೊಡೆದಿದ್ದು ನಾನೇ" ಎಂದಳು.

ಚಮಚ ಗಾಳಿಯಲ್ಲೇ ನಿಂತಿತು. ಗುರವ್ವ ಅವಳ ಮುಖವನ್ನು, ಕುರ್ತಾದ ಮೇಲಿನ ಕಲೆಯನ್ನು, ಗಂಡನ ತಲೆಯ ಕೆಳಗಿದ್ದ ಕೈಯನ್ನು ನೋಡಿದಳು. ಉಗ್ರಪ್ಪನ ಊದಿದ ರೆಪ್ಪೆ ಕೂದಲೆಳೆಯಷ್ಟು ತೆರೆದು ಸಿಂಚನಾಳ ಮೇಲೆ ನಿಂತಿತು. ಆಮೇಲೆ ಅವನು ಸೂಜಿ ಚುಚ್ಚಿದ ಕೈಯನ್ನು ನಿಧಾನವಾಗಿ ಎತ್ತಿ, ಹೆಂಡತಿಯ ಮುಂಗೈ ಹಿಡಿದು, ಚಮಚವನ್ನು ತನ್ನ ಬಾಯಿಯ ಕಡೆಗೆ ಎಳೆದುಕೊಂಡ.

ಎಳನೀರು ಅರ್ಧ ಒಳಗೆ ಹೋಗಿ, ಅರ್ಧ ತುಟಿಯ ಅಂಚಿನಿಂದ ಇಳಿದು, ಕಿವಿಯ ಬುಡ ದಾಟಿ, ತಲೆ ಹಿಡಿದಿದ್ದ ಬೆರಳುಗಳ ಸಂದಿಗೆ ತಣ್ಣಗೆ ಬಂತು.