ಗುಬ್ಬಿಯ ನೀಲಿ ಕೋಟು

ಇಲಿಗಳಿಗೆ ಈಜು ಪರೀಕ್ಷೆ ಮಾಡುವುದು ನನ್ನ ಹೊಟ್ಟೆಪಾಡು. ನಗಬೇಡಿ. ಅವುಗಳಲ್ಲಿ ಒಂದು ಗುಂಪು ಮನುಷ್ಯರ ಮರೆವಿನ ಕಾಯಿಲೆಯೇ ಬರಲಿ ಎಂದು ಹುಟ್ಟಿಸಿದ್ದು. ದೊಡ್ಡ ತೊಟ್ಟಿಯಲ್ಲಿ ಬಿಳಿ ಬಣ್ಣ ಕದಡಿದ ನೀರು. ಅದರಡಿ, ಕಣ್ಣಿಗೆ ಕಾಣದ ಹಾಗೆ, ಒಂದು ಪುಟ್ಟ ಮಣೆ. ಗೋಡೆಗೆ ಅಂಟಿಸಿದ ತ್ರಿಕೋನ, ವೃತ್ತಗಳನ್ನು ಗುರುತಿಟ್ಟುಕೊಂಡು ಇಲಿ ಮಣೆ ಹುಡುಕಿ ಹತ್ತಬೇಕು. ನೆನಪು ನೆಟ್ಟಗಿದ್ದದ್ದು ನೇರ ಹೋಗುತ್ತದೆ. ಕೆಟ್ಟದ್ದು ಅಂಚಿನಲ್ಲೇ ಸುತ್ತುತ್ತದೆ. ಒಂದು ನಿಮಿಷ ಕಾದು, ಎತ್ತಿ, ಟವೆಲಿನಲ್ಲಿ ಒರೆಸುತ್ತೇನೆ.

ಮನೆಯಲ್ಲಿ ಅಮ್ಮನಿಗೂ ಅದೇ ಕಾಯಿಲೆ. ಅಣ್ಣನನ್ನು ಮರೆತು ವರ್ಷವಾಯಿತು. ಅತ್ತಿಗೆಯನ್ನು ‘ನರ್ಸಮ್ಮ’ ಎಂದು ಕರೆಯುತ್ತಾಳೆ. ಆದರೆ ಸಂಜೆ ಆರಕ್ಕೆ ನಾನು ಬಾಗಿಲ ಪಕ್ಕದ ಕೋಟು ಸ್ಟ್ಯಾಂಡಿನ ಹತ್ತಿರ ನಿಂತು ಮೈಮೇಲಿನ ನೀಲಿ ಕೋಟಿನ ಗುಂಡಿಗೆ ಕೈ ಹಾಕಿದರೆ ಸಾಕು, ಕುರ್ಚಿಯಿಂದಲೇ “ಬಂದ್ಯಾ ಗುಬ್ಬಿ?” ಅನ್ನುತ್ತಾಳೆ. ಆ ಒಂದು ಮಾತು ನನಗೆ ಉಸಿರಾಗಿತ್ತು. ಅಣ್ಣನ ಮುಖ ಸಣ್ಣಗಾದಾಗ ಒಳಗೊಳಗೇ ಬೀಗುತ್ತಿದ್ದೆ ಕೂಡ. ಯಾಕೆ ಮುಚ್ಚಿಡಲಿ?

ಹದಿನೇಳನೇ ನಂಬರಿನ ಇಲಿ ಕಾಯಿಲೆ ಗುಂಪಿನದೇ. ಆದರೂ ದಿನಾ ಎಂಟು ಸೆಕೆಂಡಿನಲ್ಲಿ ಮಣೆ ಹತ್ತುತ್ತಿತ್ತು.

“ಮೇಡಂ, ಇದಕ್ಕೆ ನೆನಪು ವಾಪಸ್ ಬರ್ತಿದೆ!” ಎಂದು ಕುಣಿದೆ.

ನಮ್ಮ ವಿಜ್ಞಾನಿ ಮೇಡಂ ಕುಣಿಯುವ ಪೈಕಿ ಅಲ್ಲ. “ನೀವು ದಿನಾ ಎಲ್ಲಿ ನಿಂತ್ಕೋತೀರಿ?”

“ಇಲ್ಲೇ, ಮಣೆಯ ನೇರಕ್ಕೆ.”

ಮೇಡಂ ನನ್ನ ಬಿಳಿ ಏಪ್ರನ್ ಬಿಚ್ಚಿಸಿ, ಒಂದು ಕೋಲಿಗೆ ಹಾಕಿ, ತೊಟ್ಟಿಯ ಎದುರು ಬದಿಗೆ ನಿಲ್ಲಿಸಿದರು. ನನ್ನನ್ನು ಪರದೆಯ ಹಿಂದೆ ತಳ್ಳಿದರು. ಇಲಿ ನೆಟ್ಟಗೆ ಏಪ್ರನ್ ಕಡೆಗೆ ಈಜಿತು. ಅಲ್ಲಿ ಮಣೆಯಿಲ್ಲ. ಆದರೂ ತೊಟ್ಟಿಯ ಗೋಡೆ ಪರಚುತ್ತಾ, ಕತ್ತೆತ್ತಿ ಆ ಖಾಲಿ ಬಟ್ಟೆಯನ್ನೇ ನೋಡುತ್ತಿತ್ತು.

“ಅದಕ್ಕೆ ಮಣೆ ಇದ್ದ ಜಾಗಾನೂ ನೆನಪಿಲ್ಲ, ನೀವೂ ನೆನಪಿಲ್ಲ,” ಎಂದರು ಮೇಡಂ. “ಪಟ್ಟಿಯಿಂದ ತೆಗೆದುಹಾಕಿ.”

ನಾನು ಅಲ್ಲಿಗೇ ಬಿಡಬೇಕಿತ್ತು. ಆದರೆ ಅನುಮಾನ ಬಂದರೆ ಪರೀಕ್ಷಿಸಿ ನೋಡದೆ ನಮ್ಮ ಕೆಲಸದವರಿಗೆ ಊಟ ಇಳಿಯುವುದಿಲ್ಲ. ಮರುದಿನ ರಜೆ. ಅಮ್ಮ ಮಲಗಿದ್ದಾಗ ಕೋಟನ್ನು ಸ್ಟ್ಯಾಂಡಿಗೆ ಹಾಕಿ, ಗುಂಡಿಗಳನ್ನೆಲ್ಲ ಹಾಕಿ, ನನ್ನ ಹೆಗಲಿನ ಎತ್ತರಕ್ಕೆ ಸರಿಮಾಡಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತೆ.

“ಏನೇ ಇದು, ಇಲಿ ಡಾಕ್ಟ್ರೇ? ಬೆದರುಬೊಂಬೆನಾ?” ಎಂದು ಅತ್ತಿಗೆ ಕಿಸಕ್ಕನೆ ನಕ್ಕಳು.

ಅಮ್ಮ ಎದ್ದು ಬಂದು ಕುರ್ಚಿಯಲ್ಲಿ ಕೂತಳು. ಬಾಗಿಲ ಕಡೆ ನೋಡಿದಳು. ಮುಖ ಅರಳಿತು.

“ಬಂದ್ಯಾ ಗುಬ್ಬಿ?”

ಅತ್ತಿಗೆಯ ನಗು ಅಲ್ಲೇ ನಿಂತಿತು.

“ಯಾಕೆ ಸಪ್ಪಗಿದ್ದೀಯ? ಯಾರಾದ್ರೂ ಏನಾದ್ರೂ ಅಂದ್ರಾ?” ಅಮ್ಮ ಸ್ವಲ್ಪ ಹೊತ್ತು ಕಿವಿಗೊಟ್ಟಳು. ತಲೆಯಾಡಿಸಿದಳು. “ಹೋಗ್ಲಿ ಬಿಡು, ಮನಸ್ಸಿಗೆ ಹಚ್ಕೋಬೇಡ.”

ತಡೆಯಲಾಗದೆ ಎದುರಿಗೆ ಹೋಗಿ ನಿಂತೆ. “ಅಮ್ಮಾ, ನಾನು ಇಲ್ಲಿದ್ದೀನಿ.”

ಅಮ್ಮ ಸೆರಗು ಸರಿಮಾಡಿಕೊಂಡು ನನ್ನನ್ನು ನೋಡಿದಳು. “ಸ್ವಲ್ಪ ಆಮೇಲೆ ಬರ್ತೀರಾ? ನನ್ನ ಮಗಳು ಈಗ ತಾನೇ ಬಂದಿದ್ದಾಳೆ.”

ಹುಟ್ಟಿದಾಗಿನಿಂದ ಅವಳು ನನಗೆ ಬಹುವಚನ ಹಾಕಿದ್ದಿಲ್ಲ. ಕೋಟು ತೆಗೆಯಲು ಕೈ ಹಾಕಿದೆ. ಅಮ್ಮ ಕಿಟಾರನೆ ಕಿರುಚಿದಳು. ಕೈ ಬಿಟ್ಟೆ.

ಎಂಟು ದಿನದಿಂದ ಕೋಟು ಅಲ್ಲೇ ಇದೆ. ಚಳಿಯಲ್ಲಿ ಅಣ್ಣನ ಸ್ವೆಟರು ಹಾಕಿಕೊಂಡು ಕೆಲಸಕ್ಕೆ ಹೋಗುತ್ತೇನೆ. ಅಮ್ಮ ಚೆನ್ನಾಗಿದ್ದಾಳೆ, ಹೊಟ್ಟೆ ತುಂಬ ಉಣ್ಣುತ್ತಾಳೆ, ಕೋಟಿನ ಜೊತೆ ನನ್ನ ಬಾಲ್ಯದ ತಂಟೆಗಳನ್ನೆಲ್ಲ ಮಾತಾಡಿ ನಗುತ್ತಾಳೆ. ಮಧ್ಯೆ ಮಧ್ಯೆ ನಿಲ್ಲಿಸಿ ಉತ್ತರ ಕೇಳಿಸಿಕೊಳ್ಳುತ್ತಾಳೆ. ಆಗೆಲ್ಲ ನಾನೂ ಕಿವಿ ನಿಮಿರಿಸುತ್ತೇನೆ. ನನಗೆ ಆ ಕೋಟಿನ ಮೇಲೆ ಹೊಟ್ಟೆಕಿಚ್ಚು.

ಇವತ್ತು ಮನಸ್ಸು ಕೇಳಲಿಲ್ಲ. ಅಮ್ಮ ಕಣ್ಣು ಮುಚ್ಚಿದ್ದಾಗ ಗೋಡೆಗೂ ಕೋಟಿಗೂ ನಡುವೆ ನುಸುಳಿ ನಿಂತು, ಕಾಲರಿನ ಮೇಲೆ ನನ್ನ ಮುಖ ಇಟ್ಟೆ. ಒಂದೇ ಒಂದು ಸಲ ಕರೆದರೆ ಸಾಕಿತ್ತು.

ಅಮ್ಮ ಕಣ್ಣು ಬಿಟ್ಟಳು. ಮುಖದ ಬಣ್ಣ ಇಳಿಯಿತು. ಕೈ ಮುಂದೆ ಚಾಚಿ, ಪಿಸುಗುಟ್ಟಿದಳು:

“ಗುಬ್ಬಿ, ಮೆಲ್ಲಗೆ ಈ ಕಡೆ ಬಂದ್ಬಿಡು. ನಿನ್ನ ಹಿಂದೆ ಯಾರೋ ನಿಂತಿದ್ದಾರೆ.”