ತಿರುಗಿ ಮಾಡುವ ಕರೆ

ಯಾರನ್ನೂ ನಂಬಬಾರದೆಂದು ಯಂತ್ರಕ್ಕೇನೋ ಕಲಿಸಿದ್ದೆವು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಕರೆ ಜೋಡಿಸುವ ವರದಮ್ಮನಿಗೆ ಯಾರಪ್ಪ ಕಲಿಸಬೇಕಿತ್ತು?

೧೯೮೭ರ ಮಾತು. ಹಳ್ಳದಬೈಲಿನ ಅಣೆಕಟ್ಟಿನ ಕಚೇರಿಗೆ ಕಂಪ್ಯೂಟರ್ ಬಂದಿತ್ತು. ಅದನ್ನು ನೋಡಿಕೊಳ್ಳುವವಳು ನಾನು, ಶರಾವತಿ. ಇಂಜಿನಿಯರ್ ಸುಬ್ಬರಾಯರು ಹೊಸನಗರದ ತಮ್ಮ ಮನೆಯಿಂದಲೇ ಫೋನಿನ ಮೂಲಕ ಅದರೊಳಗೆ ಬಂದು, ಗೇಟು ಎತ್ತುವ ಆದೇಶ ಕೊಡಬಹುದಿತ್ತು. ಪಾಸ್‌ವರ್ಡು ಮಗಳ ಹೆಸರು, ಗಂಗಾ. ಊರಿಗೆಲ್ಲ ಗೊತ್ತಿದ್ದ ಗುಟ್ಟು! ಅದಕ್ಕೇ ಒಂದು ನಿಯಮ ಮಾಡಿದ್ದೆವು: ಕರೆ ಬಂದರೆ ಕತ್ತರಿಸಬೇಕು, ಎಕ್ಸ್‌ಚೇಂಜಿಗೆ ಅವರ ಮನೆಯ ನಂಬರು ಹೇಳಿ ನಾವೇ ತಿರುಗಿ ಮಾಡಬೇಕು, ಆಮೇಲೆ ರಿಸೀವರನ್ನು ಯಂತ್ರಕ್ಕೆ ಜೋಡಿಸಬೇಕು. ಕಳ್ಳ ಕರೆದರೂ ಉತ್ತರ ಹೋಗುವುದು ಸಾಹೇಬರ ಮನೆಗೇ.

ಆ ಮಧ್ಯಾಹ್ನ ಕರೆ ಬಂತು. ಕತ್ತರಿಸಿದೆ, ವರದಮ್ಮನಿಗೆ ನಂಬರು ಹೇಳಿದೆ, ಜೋಡಿಸಿದೆ. ಪರದೆಯ ಮೇಲೆ ಆದೇಶ ಮೂಡಿ, ಆಗಲೇ ಗೇಟು ಎತ್ತಿಳಿಸುವವನು ಕೂರುವ ಗೇಟಿನ ಮನೆಗೂ ಹೋಯಿತು: ಮೂರನೇ ಗೇಟು ಎತ್ತಿ.

ಮೂರನೇ ಗೇಟಿನ ಕಾಲುವೆಯಲ್ಲಿ ನಮ್ಮ ಯಜಮಾನರು, ಓವರ್‌ಸಿಯರ್ ಧರ್ಮಪ್ಪ, ಬಿರುಕುಬಿಟ್ಟ ಕಾಂಕ್ರೀಟು ಅಳೆಯಲು ಇಳಿದಿದ್ದರು. ಕಳುಹಿಸಿದವರು ಸುಬ್ಬರಾಯರೇ. ಗೇಟಿನ ಮನೆಯಿಂದ ಆ ಜಾಗ ಕಾಣುವುದಿಲ್ಲ.

“ವರದಮ್ಮ, ಸಾಹೇಬ್ರಿಗೆ ಇನ್ನೊಂದ್ಸಲ ಕೊಡೇ.”

“ಮುಕುಂದಯ್ಯನವರ ಮನೆಗೇ ಕೊಡ್ಲಾ?”

“ಅಲ್ಲಿಗ್ಯಾಕೆ?”

“ಸಾಹೇಬ್ರು ಅಲ್ಲಿದಾರಲ್ಲ. ನಂಗೆ ಬರೋ ಕರೆ ಎಲ್ಲ ಇಲ್ಲಿಗೇ ಹಾಕು ಅಂತ ಬೆಳಿಗ್ಗೆ ಫೋನ್ ಮಾಡಿ ಹೇಳಿದ್ರು. ಆಗ್ಲೂ ನಿಂಗೆ ಅಲ್ಲಿಗೇ ಹಾಕಿದ್ದು.”

ಹಾಳಾದ ಉಪಕಾರ! ಡಾಕ್ಟರು ಮದುವೆಮನೆಯಲ್ಲಿದ್ದರೆ ಹುಡುಕಿ ಅಲ್ಲಿಗೇ ಕರೆ ಕೊಡುವ ಹೆಂಗಸು ಅವಳು. ಮುಕುಂದಯ್ಯನೋ, ಸಿಮೆಂಟಿನಿಂದ ಹಿಡಿದು ಕಂಪ್ಯೂಟರಿನವರೆಗೆ ಎಲ್ಲದಕ್ಕೂ ಗುತ್ತಿಗೆದಾರ. ಆ ಕಾಲುವೆ ಕಟ್ಟಿದವನೂ ಅವನೇ. ಅಳತೆ ಮುಗಿದಿದ್ದರೆ ಅವನ ಬಣ್ಣ ಬಯಲಾಗುತ್ತಿತ್ತು. ಬೆಳಿಗ್ಗೆ ಸಾಹೇಬರ ಹೆಸರು ಹೇಳಿ ಫೋನ್ ಮಾಡಿದವನೂ ಅವನೇ ಇರಬೇಕು.

“ಗೇಟಿನ ಮನೆಗೆ ಕೊಡು, ಬೇಗ!”

ಅಲ್ಲಿ ಫೋನೆತ್ತಿದವನು ಗೇಟು ನೋಡಿಕೊಳ್ಳುವ ಚಂದ್ರಯ್ಯ.

“ಚಂದ್ರಯ್ಯ, ಗೇಟು ನಿಲ್ಸು! ಕೆಳಗೆ ನಮ್ಮನೆಯವರಿದಾರೆ, ಆದೇಶ ಸುಳ್ಳು!”

“ಯಾರಮ್ಮ ಮಾತಾಡೋದು?”

“ಶರಾವತಿ ಕಣೋ!”

“ಹಂಗಂತ ಯಾರ್ ಬೇಕಾದ್ರೂ ಹೇಳ್ಬಹುದು. ಫೋನಿಡಿ, ನಾನೇ ಮಾಡ್ತೀನಿ. ರೂಲ್ಸು ಕಲ್ಸಿದ್ದು ನೀವೇ ಅಲ್ವಾ?”

“ಅಯ್ಯೋ ಮಾರಾಯ, ಮೊದ್ಲು—”

ಇಟ್ಟೇಬಿಟ್ಟ. ನಾನು ಫೋನಿನ ಮುಂದೆ ನಿಂತು ಅವನಿಗೆ ಶಾಪ ಹಾಕಿದೆ, ವರದಮ್ಮನಿಗೆ ಹಾಕಿದೆ, ಕೊನೆಗೆ ಕೊಲ್ಲೂರಮ್ಮನಿಗೆ ಕೈಮುಗಿದೆ. ಅಂತೂ ಫೋನಿನ ಗಂಟೆ ಹೊಡೆಯಿತು.

“ಹಾಂ, ಈಗ ನೀವೇ ಅಂತ ಖಾತ್ರಿ ಆಯ್ತು,” ಎಂದ ಚಂದ್ರಯ್ಯ. ನೀರಿನ ಮೊರೆತದಲ್ಲಿ ಅವನ ದನಿ ಸರಿಯಾಗಿ ಕೇಳುತ್ತಿರಲಿಲ್ಲ. “ಸ್ವಲ್ಪ ಜೋರಾಗಿ ಹೇಳಿ, ಎಂತ ನಿಲ್ಲಿಸ್ಬೇಕು?”