ಬೆಳಕು ಬಿಡದ ಚುಕ್ಕಿ

ಬಾವಿಯೊಳಗೆ ಕೆಂಚ ಇರುವಾಗಲೇ ಮೇಲಿದ್ದವರು ಕರೆಂಟು ಹಾಕಿದರು. ಆಮೇಲೆ, ಕುಡಿದು ಬಿದ್ದ ಎಂದರು.

ಪೇಟೆಯ ಹೈಸ್ಕೂಲಿನಿಂದ ಎತ್ತಿನ ಗಾಡಿಯಲ್ಲಿ ಹೊರಟ ಹೆಣ ಅಂತರಸಂತೆ ಊರು ದಾಟಿ ಕಾಡಂಚಿನ ಹಾಡಿಗೆ ಬಂದಾಗ ನಾಯಿಗಳು ಹತ್ತಿರ ಸುಳಿಯಲಿಲ್ಲ. ಹೆಂಡತಿ ಸೋಮಿ ಈಗ ಅವನ ಮೈ ತೊಳೆಯುತ್ತಿದ್ದಳು. ಕೆಂಚನ ತಮ್ಮ ಕುಳ್ಳ ನೀರು ಹೊಯ್ಯುತ್ತಿದ್ದ.

"ಕುಡ್ದಿದ್ನಂತೆ," ಎಂದ ಕುಳ್ಳ. "ಹೆಂಡ ಕಂಡ್ರೆ ಮೂಗು ಮುಚ್ಕೊಳ್ಳೋನು. ಅವನ ಪಾಲ್ನೂ ನಾನೇ ಕುಡೀತಿದ್ದೆ ಕಣತ್ಗೆ."

ಸೋಮಿ ಹೆಣದ ಬಲಗೈಯ ಬೆರಳು ಬಿಡಿಸಿದಳು. ಅಂಗೈಗೆ ಅಡ್ಡಲಾಗಿ ಕರ್ರಗೆ ಒಂದು ಗೆರೆ, ಕಾದ ಕಂಬಿಯಲ್ಲಿ ಎಳೆದ ಹಾಗೆ.

"ಬೇಗ ಬೇಗ ಮುಗಿಸಿ," ಎಂದರು ಹುಣಸೆ ನೆರಳಲ್ಲಿ ನಿಂತಿದ್ದ ಪುಟ್ಟಮಲ್ಲಪ್ಪ, ಹೈಸ್ಕೂಲು ಕಮಿಟಿಯ ಅಧ್ಯಕ್ಷರು. "ಬಿಸ್ಲಿಗೆ ಹೆಣ ತಡೀತದಾ?" ಅವರ ಪಕ್ಕದಲ್ಲಿದ್ದ ವಿಜ್ಞಾನದ ಮೇಷ್ಟ್ರು ನೀಲಕಂಠಸ್ವಾಮಿ ನೆಲ ನೋಡುತ್ತಿದ್ದರು.

ಸೋಮಿ ಸೊಂಟದ ಪಂಚೆಯ ಗಂಟು ಬಿಚ್ಚಿದಳು. ಒಳಗೆ ಬಿಳಿ ಪಿಂಗಾಣಿಯ ಫ್ಯೂಸು.

ಅವಳ ಕೈ ಅಲ್ಲೇ ನಿಂತಿತು. ಸ್ಕೂಲಿನ ಬಾವಿಯೊಳಗಿನ ಮೋಟಾರು ಕೆಟ್ಟಾಗಲೆಲ್ಲ ಅವನು ಫ್ಯೂಸು ಕಿತ್ತು ಸೊಂಟಕ್ಕೆ ಕಟ್ಟಿಕೊಂಡೇ ಇಳಿಯುತ್ತಿದ್ದ. "ನನ್ ಜೀವ ನನ್ ಸೊಂಟದಲ್ಲಿದ್ರೆ ಇನ್ನೊಬ್ಬ ಅದಕ್ಕೆ ಕೈ ಹಾಕಾಕಿಲ್ಲ," ಎನ್ನುತ್ತಿದ್ದ.

*

ಹನ್ನೆರಡು ವರ್ಷ ಕೆಂಚ ಆ ಹೈಸ್ಕೂಲಿನ ವಿಜ್ಞಾನದ ಕೋಣೆಯ ಜವಾನ. ಗಾಜಿನ ಕಡ್ಡಿ ಒರೆಸಿಟ್ಟು, ಪಾಠ ಶುರುವಾದರೆ ಬಾಗಿಲಾಚೆ ನಿಂತು ಕೇಳುವನು. ಒಂದು ಭಾನುವಾರ ಹಾಡಿಗೆ ಬಂದವನೇ ಸೋಮಿಯ ಬಾಚಣಿಗೆಯನ್ನು ಅವಳ ಕೂದಲಿಗೇ ತೀಡಿ, ಬೂರುಗದ ಅರಳೆಯ ಮೇಲೆ ಹಿಡಿದ. ಅರಳೆ ಎದ್ದು ಬಾಚಣಿಗೆಗೆ ಅಂಟಿತು.

"ನೋಡ್ಲೇ, ಇಡೀ ಭೂಮಿ ಅದ್ನ ಕೆಳಕ್ಕೆ ಎಳೀತದೆ. ಈ ಬಾಚಣಿಗೆ ಮೇಲಕ್ಕೆ ಎಳೀತದೆ. ಯಾರು ಗೆದ್ರು?"

"ಗೆದ್ದದ್ದು ನನ್ ತಲೆ. ಮೊದ್ಲು ಎಣ್ಣೆ ತಂದ್ಕೊಡು."

"ಎಣ್ಣೆ ಕಾಣದ ತಲೇಲೇ ಕಣೇ ಈ ಕರೆಂಟು ಹುಟ್ಟೋದು."

ಆ ಸಂಜೆ ಆಕಾಶ ನೋಡುತ್ತ ಮಲಗಿದ್ದವನು ಮೇಷ್ಟ್ರು ಹೇಳಿದ ಚುಕ್ಕಿಯ ಮಾತು ತೆಗೆದ. "ಭಾರೀ ಚುಕ್ಕಿ ಸಾಯುವಾಗ ತನ್ನ ತೂಕಕ್ಕೇ ಕುಸಿದು ಕುಸಿದು, ಬೆಳಕೂ ಈಚೆ ಬರದಂಗೆ ಆಗ್ಬೋದಂತೆ. ಅದರೊಳಕ್ಕೆ ಚಿನ್ನ ಬಿತ್ತಾ ಕಲ್ಲು ಬಿತ್ತಾ, ಗುರ್ತೇ ಸಿಕ್ಕಾಕಿಲ್ವಂತೆ."

"ಅಂಗಾದ್ರೆ ಅದು ಅಲ್ಲೈತೆ ಅಂತ ಎಂಗೆ ತಿಳ್ಯೋದು?"

"ಎಳೀತದಲ್ಲ. ತೂಕ ಬಚ್ಚಿಡಕ್ಕಾಗಲ್ಲ. ಒಳಗೆ ಕರೆಂಟು ಇದ್ರೆ ಏನಾಯ್ತದೆ ಅಂತ ನಾನು ಕೇಳ್ದೆ. ಮೇಷ್ಟ್ರು ಎಲ್ಡು ದಿನ ಪುಸ್ತಕ ತಿರುವಾಕಿ ಬಂದ್ರು. 'ಅದ್ನೂ ಬಚ್ಚಿಡಕ್ಕಾಗಲ್ಲ ಕೆಂಚ, ಆಚೆಗೂ ತಿಳೀತದೆ' ಅಂದ್ರು. ಕುಸಿಯೋ ತೂಕಕ್ಕೆ ಒಳಗಿಂದ್ಲೇ ಎದುರು ನಿಲ್ಲೋ ಶಕ್ತಿ ಆ ಕರೆಂಟಿಗೈತಂತೆ."

ಅಷ್ಟು ಹೇಳಿ ಅವನು ತಾನೇ ಬರೆದ ಪಾಠವೆಂಬಂತೆ ನಕ್ಕಿದ್ದ.

*

ಸೋಮಿ ಫ್ಯೂಸು ಹಿಡಿದುಕೊಂಡು ಹುಣಸೆ ನೆರಳಿಗೆ ನಡೆದಳು.

"ಇದು ಅವನ ಸೊಂಟದಲ್ಲಿತ್ತು ಮೇಷ್ಟ್ರೇ. ಬಾವಿಗೆ ಕರೆಂಟು ಎಲ್ಲಿಂದ ಬಂತು?"

ನೀಲಕಂಠಸ್ವಾಮಿ ಪುಟ್ಟಮಲ್ಲಪ್ಪನವರತ್ತ ನೋಡಿದರು.

"ನೀವೇ ಪಾಠ ಹೇಳಿದ್ದು. ಕರೆಂಟು ಬಚ್ಚಿಡಕ್ಕಾಗಲ್ಲ ಅಂತ."

"ಫ್ಯೂಸಿನ ಜಾಗಕ್ಕೆ ತಂತಿ ಸುತ್ತಿ ಕೊಟ್ಟವನು ನಾನೇ ತಾಯಿ," ಎಂದರು ಮೇಷ್ಟ್ರು. ಸುತ್ತ ಇದ್ದ ಹಾಡಿಯವರೆಲ್ಲ ತಿರುಗಿದರು. "ಸ್ಕೂಲು ಇನ್‌ಸ್ಪೆಕ್ಟರು ಬರುವ ಹೊತ್ತಾಯಿತು, ತೊಟ್ಟಿ ತುಂಬಬೇಕು, ಕೆಂಚ ಆಗಲೇ ಮೇಲೆ ಬಂದ ಅಂದರು ಇವರು. ನಾನು ಬಗ್ಗಿ ನೋಡಲಿಲ್ಲ."

"ಮೇಷ್ಟ್ರೇ," ಎಂದರು ಪುಟ್ಟಮಲ್ಲಪ್ಪ, ದನಿ ಏರಿಸದೆ. "ನಿಮ್ಮ ಕೆಲ್ಸ ಇನ್ನೂ ಪರ್ಮನೆಂಟಾಗಿಲ್ಲ." ಆಮೇಲೆ ಸೋಮಿಯತ್ತ ಕೈ ಚಾಚಿದರು. "ಅದು ಸ್ಕೂಲಿನ ಸಾಮಾನು. ಕೊಡಿಲ್ಲಿ. ಲೇ ಕುಳ್ಳ, ಹೆಣ ಇಳಿಸ್ಲಾ."

ಸೋಮಿ ಫ್ಯೂಸನ್ನು ಸೆರಗಿನ ತುದಿಗೆ ಕಟ್ಟಿದಳು. ಬಿದಿರುಮೆಳೆಯ ಪಕ್ಕ ಬೆಳಿಗ್ಗೆಯೇ ತೋಡಿಟ್ಟಿದ್ದ ಗುಂಡಿಯತ್ತ ಹೋಗಿ, ಅಂಚು ಹಿಡಿದು ಇಳಿದು, ಕಾಲು ಚಾಚಿ ಕುಳಿತಳು. ಮೇಲಿನವರಿಗೆ ಅವಳ ನೆತ್ತಿ ಮಾತ್ರ ಕಾಣುತ್ತಿತ್ತು.

ಪುಟ್ಟಮಲ್ಲಪ್ಪ ಅಂಚಿಗೆ ಬಂದು ಬಗ್ಗಿದರು. ಅವರ ಮೆಟ್ಟಿನಡಿಯ ಸಡಿಲ ಮಣ್ಣು ಜಾರಿ ಅವಳ ಹೆಗಲ ಮೇಲೆ ಸುರಿಯಿತು.

"ಮೇಲಕ್ಕೆ ಬಾ."

"ಬರಾಕಿಲ್ಲ ಬುದ್ಧಿ."

"ಬಾ ಅಂದ್ರೆ ಬರ್ಬೇಕು."

"ಪೊಲೀಸ್ನೋರು ಬಂದು ಅವನ ಅಂಗೈ ನೋಡೋಗಂಟ ಈ ಗುಂಡಿ ಖಾಲಿ ಇಲ್ಲ."

ಅವರು ಕುಳ್ಳನತ್ತ ತಿರುಗಿ, ಅವಳನ್ನು ಎತ್ತಿ ಹಾಕು ಎಂದರು. ಕುಳ್ಳ ಗುಂಡಿಯ ಬಳಿ ಬಂದು, ಅಂಚಿನಲ್ಲಿ ಬಿದ್ದಿದ್ದ ಗುದ್ದಲಿಯನ್ನು ಎತ್ತಿ, ಹಿಡಿಯನ್ನು ಅವಳ ಕೈಗೆ ಚಾಚಿದ. ಸೋಮಿ ಅದನ್ನು ತೆಗೆದುಕೊಂಡು ತೊಡೆಯ ಮೇಲೆ ಅಡ್ಡವಾಗಿ ಇಟ್ಟುಕೊಂಡಳು.